ಒಬ್ಬ ಹೋಗೇ ಹೋಗುತ್ತಾನೆ, ಯಾರು ಅಂತ ನೀವೇ ತೀರ್ಮಾನ ಮಾಡಿ

ಪ್ರಶ್ನೆ: ಸರ್, ನಮ್ಮೂರು ದಾವಣಗೆರೆ, ಈಗ ಇರೋದು ಮಿಸಿಸಾಗದಲ್ಲಿ. ಆಫೀಸಿನ ಹತ್ತು ಜನ ಸೇರಿ ಐಸ್ ಹಾಕಿ ಫ್ಯಾಂಟಸಿ ಲೀಗ್ ಆಡುತ್ತೇವೆ. ಆಟಗಾರರನ್ನು ವರ್ಷದಿಂದ ವರ್ಷಕ್ಕೆ ಉಳಿಸಿಕೊಳ್ಳುವ ಥರದ ಲೀಗ್. ಮುಂದಿನ ಸೀಸನ್‌ಗೆ ಹನ್ನೊಂದನೇ ತಂಡ ಬರುತ್ತಿದೆ, ಅದಕ್ಕೆ ಎಕ್ಸ್‌ಪಾನ್ಷನ್ ಡ್ರಾಫ್ಟ್ ಮಾಡುತ್ತೇವೆ. ನಿಯಮ ಎಲ್ಲಾ ಎನ್‌ಎಚ್‌ಎಲ್‌ನದ್ದೇ. ನನ್ನ ಹತ್ತಿರ ನಾಲ್ಕು ಜನ ಒಳ್ಳೆ ಡಿಫೆಂಡರ್ ಇದ್ದಾರೆ, ಗೋಲಿಗಳು (ಗೋಲ್‌ಕೀಪರ್) ಇಬ್ಬರು. ಹೊಸ ತಂಡ ತಗೊಂಡಿರೋ ಗೆಳೆಯ 'ನಿನ್ನ ಎರಡನೇ ರೌಂಡ್ ಪಿಕ್ ಕೊಡು, ನಾಲ್ಕನೇ ಡಿಫೆಂಡರ್‌ನ ಮುಟ್ಟಲ್ಲ' ಅಂತಿದ್ದಾನೆ. ಕೊಡಲಾ? ಇನ್ನೊಂದು, 2021ರಲ್ಲಿ ಟೊರಾಂಟೊ ಜ್ಯಾರೆಡ್ ಮೆಕ್ಯಾನ್‌ನ ತಗೊಂಡು ನಾಲ್ಕೇ ದಿನದಲ್ಲಿ ಕಳಕೊಂಡಿತಲ್ಲ, ಅದು ಯಾಕೆ ಅಂತ ಇವತ್ತಿಗೂ ಅರ್ಥ ಆಗಿಲ್ಲ.

ಉತ್ತರ:

ಕೊಡಬೇಡಿ. ಇದು ಮೊದಲು. ಯಾಕೆ ಅಂತ ನಿಧಾನಕ್ಕೆ ಹೇಳುತ್ತೇನೆ, ಮೆಕ್ಯಾನ್ ಕಥೆಯೂ ಅದರಲ್ಲೇ ಬರುತ್ತದೆ.

ಗೊತ್ತಿಲ್ಲದ ಓದುಗರಿಗೆ ಒಂದೆರಡು ಮಾತು. ನಮ್ಮ ಕಡೆ ಹಾಕಿ ಅಂದರೆ ಕೊಡಗು, ಅಲ್ಲಿನ ಕುಟುಂಬಗಳ ಟೂರ್ನಿ, ಹುಲ್ಲಿನ ಮೈದಾನ. ಇದು ಬೇರೆ. ಇದು ಉತ್ತರ ಅಮೆರಿಕದ ಐಸ್ ಹಾಕಿ, ಎನ್‌ಎಚ್‌ಎಲ್ ಅಂದರೆ ಅಲ್ಲಿನ ದೊಡ್ಡ ವೃತ್ತಿಪರ ಲೀಗ್. ಫ್ಯಾಂಟಸಿ ಲೀಗ್ ಅಂದರೆ ನಿಜವಾದ ಆಟಗಾರರನ್ನು ಆರಿಸಿ ಕಾಗದದ ಮೇಲೆ ತಂಡ ಕಟ್ಟಿ ಆಡುವುದು. ಪಿಕ್ ಅಂದರೆ ಡ್ರಾಫ್ಟ್‌ನಲ್ಲಿ ಹೊಸ ಆಟಗಾರನನ್ನು ಆರಿಸಿಕೊಳ್ಳುವ ಸರದಿ, ಮೊದಲ ರೌಂಡ್‌ನದ್ದಕ್ಕೆ ಬೆಲೆ ಜಾಸ್ತಿ. ಎನ್‌ಎಚ್‌ಎಲ್‌ಗೆ ಹೊಸ ತಂಡ ಬಂದರೆ ಹಳೆಯ ಪ್ರತಿ ತಂಡದಿಂದ ಒಬ್ಬೊಬ್ಬನನ್ನು ಎತ್ತಿಕೊಳ್ಳುವ ಹಕ್ಕು ಅದಕ್ಕೆ ಇರುತ್ತದೆ, ಅದೇ ಎಕ್ಸ್‌ಪಾನ್ಷನ್ ಡ್ರಾಫ್ಟ್. 2017ರಲ್ಲಿ ವೇಗಸ್ ಬಂತು, ಪ್ರವೇಶ ಶುಲ್ಕವೇ 50 ಕೋಟಿ ಡಾಲರ್. 2021ರಲ್ಲಿ ಸಿಯಾಟಲ್, 65 ಕೋಟಿ ಡಾಲರ್. ಅಷ್ಟು ದುಡ್ಡು ಕೊಟ್ಟವರಿಗೆ ಉಳಿದ ತಂಡಗಳ ಕಸ ಕೊಟ್ಟರೆ ಆಗುತ್ತಾ? ಹಾಗಾಗಿ ಹಳೆಯ ತಂಡಗಳು ಬಚ್ಚಿಡುವುದಕ್ಕೆ ಮಿತಿ ಹಾಕಿದರು. ಏಳು ಫಾರ್ವರ್ಡ್, ಮೂರು ಡಿಫೆಂಡರ್, ಒಬ್ಬ ಗೋಲಿ. ಇಲ್ಲದಿದ್ದರೆ ಯಾವ ಜಾಗದವರಾದರೂ ಸರಿ, ಎಂಟು ಸ್ಕೇಟರ್ (ಗೋಲಿ ಬಿಟ್ಟು ಉಳಿದ ಆಟಗಾರರು) ಮತ್ತು ಒಬ್ಬ ಗೋಲಿ. ವೃತ್ತಿಪರ ಆಟಕ್ಕೆ ಬಂದು ಒಂದು ಅಥವಾ ಎರಡು ವರ್ಷವಷ್ಟೇ ಆದ ಹುಡುಗರಿಗೆ ವಿನಾಯಿತಿ, ಅವರನ್ನು ಮುಟ್ಟುವ ಹಾಗೇ ಇಲ್ಲ.

ಐಪಿಎಲ್ ನೋಡುವವರಿಗೆ ಇದು ಹೊಸದಲ್ಲ. 2022ಕ್ಕೆ ಗುಜರಾತ್, ಲಕ್ನೋ ಬಂದಾಗ ಹಳೆಯ ಎಂಟು ತಂಡಗಳು ನಾಲ್ಕು ಜನರವರೆಗೆ ಉಳಿಸಿಕೊಳ್ಳಬಹುದಿತ್ತು. ನಮ್ಮ ಆರ್‌ಸಿಬಿ ಕೊಹ್ಲಿ, ಮ್ಯಾಕ್ಸ್‌ವೆಲ್, ಸಿರಾಜ್ ಮೂವರನ್ನೇ ಉಳಿಸಿಕೊಂಡು ಚಹಲ್‌ನ ಬಿಟ್ಟಿತು. ಅವನು ರಾಜಸ್ಥಾನಕ್ಕೆ ಹೋಗಿ ಅದೇ ವರ್ಷ 27 ವಿಕೆಟ್ ತೆಗೆದು ಪರ್ಪಲ್ ಕ್ಯಾಪ್ ಹಾಕಿಕೊಂಡ. ಆ ಹೊಟ್ಟೆನೋವು ನಮಗೆಲ್ಲ ಇನ್ನೂ ಇದೆ ಅಲ್ವಾ. ಒಂದೇ ವ್ಯತ್ಯಾಸ, ಅಲ್ಲಿ ಹರಾಜಿನಲ್ಲಿ ಮತ್ತೆ ಕೂಗಬಹುದಿತ್ತು. ಇಲ್ಲಿ ಆ ಅವಕಾಶವೂ ಇಲ್ಲ.

ಈಗ ಲೆಕ್ಕಕ್ಕೆ ಬರೋಣ. ಒಂದು ಹಾಳೆ, ಪೆನ್ಸಿಲ್ ತಗೊಳ್ಳಿ. ನಿಜವಾಗಲೂ ಹೇಳುತ್ತಿದ್ದೇನೆ, ಫೋನಿನಲ್ಲಿ ಮಾಡಿದರೆ ಇದು ತಲೆಗೆ ಹೋಗಲ್ಲ. ನಾನು ಹಾಳೆಯನ್ನು ಫ್ರಿಜ್ ಬಾಗಿಲಿಗೆ ಅಂಟಿಸಿಕೊಂಡು ಎರಡು ವಾರ ಓಡಾಡುತ್ತಾ ನೋಡುತ್ತೇನೆ, ಹಾಲಿನ ಲೆಕ್ಕದ ಪಕ್ಕದಲ್ಲೇ. ಎಡಕ್ಕೆ ಫಾರ್ವರ್ಡ್‌ಗಳನ್ನು ಒಬ್ಬರ ಕೆಳಗೆ ಒಬ್ಬರು ಬರೆಯಿರಿ, ಚೆನ್ನಾಗಿ ಆಡುವವನು ಮೇಲೆ. ಮಧ್ಯದಲ್ಲಿ ಡಿಫೆಂಡರ್‌ಗಳು. ಬಲಕ್ಕೆ ಗೋಲಿಗಳು. ವಿನಾಯಿತಿ ಇರುವ ಹುಡುಗರನ್ನು ಬರೆಯಲೇಬೇಡಿ, ಅವರು ಈ ಆಟದಲ್ಲೇ ಇಲ್ಲ.

ಈಗ ಮೂರನೇ ಡಿಫೆಂಡರ್ ಕೆಳಗೆ ಗೆರೆ ಎಳೆಯಿರಿ. ನಾಲ್ಕನೆಯವನು ಹೊರಗೆ ಉಳಿದ. ಅವನನ್ನೂ ಒಳಗೆ ತರಬೇಕು ಅಂದರೆ ಎಂಟು ಸ್ಕೇಟರ್ ದಾರಿ ಹಿಡಿಯಬೇಕು, ಅಂದರೆ ನಾಲ್ಕು ಡಿಫೆಂಡರ್ ಜೊತೆಗೆ ನಾಲ್ಕೇ ಫಾರ್ವರ್ಡ್. ಏಳು ಇದ್ದದ್ದು ನಾಲ್ಕಾಯಿತು. ಇಲ್ಲಿ ಬಹಳ ಜನ ಎಡವುತ್ತಾರೆ. 'ಒಬ್ಬ ಡಿಫೆಂಡರ್‌ಗೋಸ್ಕರ ಮೂರು ಫಾರ್ವರ್ಡ್ ಬಿಟ್ಟುಕೊಡೋದಾ, ಇದೆಂಥ ವ್ಯಾಪಾರ' ಅಂತ ಗಾಬರಿಯಾಗುತ್ತಾರೆ. ಆದರೆ ಬಿಟ್ಟುಕೊಡುತ್ತಿಲ್ಲ ಸ್ವಾಮಿ, ಬರೀ ಹೊರಗಿಡುತ್ತಿದ್ದೀರಿ. ಹೊಸ ತಂಡ ನಿಮ್ಮಿಂದ ಒಬ್ಬನನ್ನು ಮಾತ್ರ ಎತ್ತಬಹುದು. ಹೊರಗೆ ಮೂವರಿರಲಿ ಮೂವತ್ತು ಜನ ಇರಲಿ, ಹೋಗುವುದು ಒಬ್ಬನೇ. ಅದಕ್ಕೇ ಪ್ರಶ್ನೆ ಒಂದೇ: ನಿಮ್ಮ ನಾಲ್ಕನೇ ಡಿಫೆಂಡರ್ ಹೋದರೆ ಜಾಸ್ತಿ ಉರಿಯುತ್ತದೋ, ಐದನೇ ಫಾರ್ವರ್ಡ್ ಹೋದರೆ ಜಾಸ್ತಿ ಉರಿಯುತ್ತದೋ? ಆರು, ಏಳನೆಯವರನ್ನು ಮರೆತುಬಿಡಿ.

2017ರಲ್ಲಿ ಈ ಲೆಕ್ಕವನ್ನು ಎರಡು ತಂಡಗಳು ಹೆಚ್ಚುಕಡಿಮೆ ಒಂದೇ ಥರ ಮಾಡಿದವು. ಒಂದು ಗೆದ್ದಿತು, ಇನ್ನೊಂದು ಇವತ್ತಿಗೂ ಬೈಗುಳ ತಿನ್ನುತ್ತಿದೆ.

ನ್ಯಾಶ್‌ವಿಲ್ ಹತ್ತಿರ ಯೋಸಿ, ಸುಬ್ಬನ್, ಎಲಿಸ್, ಎಕ್‌ಹೋಮ್ ಅಂತ ನಾಲ್ವರು ಡಿಫೆಂಡರ್‌ಗಳು. ನಾಲ್ವರೂ ಬೇಕು. ಹಾಗಾಗಿ ಎಂಟರ ದಾರಿ ಹಿಡಿದು ಜೇಮ್ಸ್ ನೀಲ್‌ನ ಹೊರಗಿಟ್ಟರು. ವೇಗಸ್ ಅವನನ್ನು ಎತ್ತಿತು. ಗೋಲು ಹೊಡೆಯುವ ಆಳು, ಹೆಸರಿದ್ದ ಆಳು, ಆದರೆ ಒಪ್ಪಂದ ಉಳಿದಿದ್ದದ್ದು ಒಂದೇ ವರ್ಷ. ನ್ಯಾಶ್‌ವಿಲ್ ಯಾರಿಗೂ ಲಂಚ ಕೊಡಲಿಲ್ಲ, ಪಿಕ್ ಕೊಡಲಿಲ್ಲ, ಸುಮ್ನೆ ಕೈ ಬೀಸಿ ಕಳಿಸಿತು. ಮುಂದಿನ ಸೀಸನ್‌ನಲ್ಲಿ 117 ಅಂಕ ತೆಗೆದು ಇಡೀ ಲೀಗ್‌ಗೆ ಮೊದಲ ಸ್ಥಾನ.

ಫ್ಲೋರಿಡಾವೂ ನಾಲ್ಕು ಡಿಫೆಂಡರ್‌ಗಳನ್ನೇ ಉಳಿಸಿಕೊಂಡಿತು. ಆದರೆ ಅದರಲ್ಲಿ ಇಬ್ಬರು ಪೆಟ್ರೋವಿಕ್ ಮತ್ತು ಪೈಸಿಕ್. ಹೊರಗೆ ಇಟ್ಟದ್ದು ಯಾರನ್ನು? ಜೊನಾಥನ್ ಮಾರ್ಶೆಸೊನ. ಹಿಂದಿನ ಸೀಸನ್‌ನಲ್ಲಿ 30 ಗೋಲು ಹೊಡೆದವನು, ಸಂಬಳ ವರ್ಷಕ್ಕೆ ಏಳೂವರೆ ಲಕ್ಷ ಡಾಲರ್, ಎನ್‌ಎಚ್‌ಎಲ್‌ನಲ್ಲಿ ಅದು ಪುಡಿಗಾಸು. ಇಷ್ಟೇ ಆಗಿದ್ದರೆ ಹೋಗಲಿ ಅನ್ನಬಹುದಿತ್ತು. ರೈಲಿ ಸ್ಮಿತ್ ಅಂತ ಇನ್ನೊಬ್ಬ ಫಾರ್ವರ್ಡ್, ವರ್ಷಕ್ಕೆ 50 ಲಕ್ಷ ಡಾಲರ್‌ನಂತೆ ಐದು ವರ್ಷದ ಒಪ್ಪಂದ ಶುರುವಾಗಬೇಕಿತ್ತು, ಆ ಭಾರ ಇಳಿಸಿಕೊಳ್ಳೋಣ ಅಂತ ಅವನನ್ನೂ ಒಂದು ನಾಲ್ಕನೇ ರೌಂಡ್ ಪಿಕ್‌ಗೆ ವೇಗಸ್‌ಗೇ ದಾಟಿಸಿದರು. ಒಬ್ಬ ಹೋಗಬೇಕಾದ ಕಡೆ ಇಬ್ಬರು ಹೋದರು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ. 2023ರ ಸ್ಟ್ಯಾನ್ಲಿ ಕಪ್ (ಎನ್‌ಎಚ್‌ಎಲ್ ಚಾಂಪಿಯನ್ನರಿಗೆ ಸಿಗುವ ಕಪ್) ಫೈನಲ್‌ನಲ್ಲಿ ವೇಗಸ್ ಎದುರಿಗೆ ಬಂದದ್ದು ಯಾರು ಗೊತ್ತಾ? ಇದೇ ಫ್ಲೋರಿಡಾ. ವೇಗಸ್‌ನವರು ಐದು ಪಂದ್ಯದಲ್ಲಿ ಮುಗಿಸಿದರು. ಪ್ಲೇಆಫ್‌ನ ಅತ್ಯುತ್ತಮ ಆಟಗಾರ ಪ್ರಶಸ್ತಿ ಮಾರ್ಶೆಸೊಗೆ. ರೈಲಿ ಸ್ಮಿತ್ ಕೂಡ ಅದೇ ತಂಡದಲ್ಲಿ ಕಪ್ ಎತ್ತಿದ. ಪೆಟ್ರೋವಿಕ್, ಪೈಸಿಕ್ ಇಬ್ಬರೂ ಅಷ್ಟೊತ್ತಿಗೆ ಫ್ಲೋರಿಡಾ ಬಿಟ್ಟು ವರ್ಷಗಳೇ ಆಗಿದ್ದವು.

ಎರಡೂ ತಂಡದ ವಿಧಾನ ಒಂದೇ. ಫ್ಲೋರಿಡಾ ತಪ್ಪಿದ್ದು ತನ್ನ ಆಟಗಾರರ ಬೆಲೆ ಕಟ್ಟುವುದರಲ್ಲಿ.

ಮೆಕ್ಯಾನ್ ವಿಷಯವೂ ಇದೇ ಜಾತಿ. 2021ರ ಜುಲೈ 17, ಪಟ್ಟಿ ಕೊಡುವ ದಿನ. ಟೊರಾಂಟೊ ಅವತ್ತೇ ಪಿಟ್ಸ್‌ಬರ್ಗ್‌ನಿಂದ ಮೆಕ್ಯಾನ್‌ನ ತಂದಿತು, ಒಬ್ಬ ಹುಡುಗ ಮತ್ತು ಒಂದು ಏಳನೇ ರೌಂಡ್ ಪಿಕ್ ಕೊಟ್ಟು. ಪಿಟ್ಸ್‌ಬರ್ಗ್‌ಗೆ ಅವನನ್ನು ಉಳಿಸಿಕೊಳ್ಳಲು ಜಾಗ ಇರಲಿಲ್ಲ, ಅದಕ್ಕೇ ಅಷ್ಟು ಅಗ್ಗ. ಟೊರಾಂಟೊ ಕೊಟ್ಟ ಪಟ್ಟಿಯಲ್ಲಿ ಮ್ಯಾಥ್ಯೂಸ್, ಮಾರ್ನರ್, ನೈಲ್ಯಾಂಡರ್, ಟವಾರೆಸ್ ನಾಲ್ಕು ಫಾರ್ವರ್ಡ್‌ಗಳು. ರೈಲಿ, ಬ್ರೋಡಿ, ಮಝಿನ್, ಜಸ್ಟಿನ್ ಹಾಲ್ ನಾಲ್ಕು ಡಿಫೆಂಡರ್‌ಗಳು. ಐದನೇ ಫಾರ್ವರ್ಡ್ ಜಾಗದಲ್ಲಿ ಕರ್ಫೂಟ್ ಮತ್ತು ಹೊಸದಾಗಿ ಬಂದ ಮೆಕ್ಯಾನ್, ಇಬ್ಬರೂ ಹೊರಗೆ. ಈಗ ಅವರ ಉಪಾಯ ಕಾಣಿಸಿತಾ? ಮೆಕ್ಯಾನ್‌ನ ಆಡಿಸುವುದಕ್ಕೆ ಅಂತಲೇ ತಂದದ್ದಲ್ಲ. ಸಿಯಾಟಲ್ ಇಬ್ಬರಲ್ಲಿ ಒಬ್ಬನನ್ನು ಒಯ್ದರೂ ಇನ್ನೊಬ್ಬ ನಮಗೆ ಉಳಿಯುತ್ತಾನೆ ಅನ್ನುವ ಲೆಕ್ಕ. ಲೆಕ್ಕದ ಮಟ್ಟಿಗೆ ಇದು ಜಾಣತನವೇ, ನಾನು ಹಾಗೇ ಅನ್ನುತ್ತೇನೆ, ಟೊರಾಂಟೊ ಅಭಿಮಾನಿಗಳು ಬೈದರೂ ಪರವಾಗಿಲ್ಲ. ಎಡವಟ್ಟಾಗಿದ್ದು ನಾಲ್ಕನೇ ಡಿಫೆಂಡರ್ ಮೇಲೆ ಇಟ್ಟ ಬೆಲೆಯಲ್ಲಿ. ಜುಲೈ 21ಕ್ಕೆ ಸಿಯಾಟಲ್ ಮೆಕ್ಯಾನ್ ಹೆಸರು ಓದಿತು. 2022-23ರಲ್ಲಿ ಅವನು 40 ಗೋಲು ಹೊಡೆದ. ಆ ಸೀಸನ್ ಮುಗಿದ ಮೇಲೆ ಹಾಲ್ ಟೊರಾಂಟೊ ಬಿಟ್ಟು ಡೆಟ್ರಾಯಿಟ್‌ಗೆ ಹೋದ.

ಇನ್ನು ನಿಮ್ಮ ಗೆಳೆಯ ಕೇಳುತ್ತಿರುವ ಎರಡನೇ ರೌಂಡ್ ಪಿಕ್. 2017ರಲ್ಲಿ ಇಂಥ ಪಕ್ಕದ ಒಪ್ಪಂದಗಳ ಸುಗ್ಗಿಯೇ ನಡೆಯಿತು. ಹೆದರಿದ ತಂಡಗಳು ಸಾಲಾಗಿ ವೇಗಸ್ ಬಾಗಿಲಿಗೆ ಹೋಗಿ 'ಇವನನ್ನು ಮುಟ್ಟಬೇಡಿ, ಇದನ್ನು ತಗೊಳ್ಳಿ' ಅಂದವು.

ಅನಹೈಮ್ ನೋಡಿ. ಮೂರು ಡಿಫೆಂಡರ್ ಜಾಗದಲ್ಲಿ ಒಂದು 36ರ ಕೆವಿನ್ ಬೀಕ್ಸಾ ಪಾಲಾಯಿತು. ಅವನ ಒಪ್ಪಂದದಲ್ಲಿ ನೋ-ಮೂವ್‌ಮೆಂಟ್ ಷರತ್ತು ಇತ್ತು. ಅಂದರೆ ಅವನೇ ಒಪ್ಪದೆ ಹೊರಗಿಡುವ ಹಾಗಿಲ್ಲ, ಕಡ್ಡಾಯವಾಗಿ ಉಳಿಸಿಕೊಳ್ಳಬೇಕು. ಹೀಗಾಗಿ ವಾಟನೆನ್, ಮ್ಯಾನ್ಸನ್ ಇಬ್ಬರು ಒಳ್ಳೆ ಡಿಫೆಂಡರ್‌ಗಳು ಹೊರಗೆ ಬಿದ್ದರು. ಅವರಿಬ್ಬರನ್ನು ಬಿಟ್ಟು ಕ್ಲೇಟನ್ ಸ್ಟೋನರ್‌ನ ತಗೊಳ್ಳಲಿ ಅಂತ 21 ವರ್ಷದ ಶೇ ಥಿಯೋಡೋರ್‌ನ ವೇಗಸ್ ಕೈಗೆ ಕೊಟ್ಟರು. ಐದು ತಿಂಗಳು ಕಳೆಯಿತು. ನವೆಂಬರ್ ಕೊನೆಗೆ ಅನಹೈಮ್ ಏನು ಮಾಡಿತು? ಅಷ್ಟು ಕಷ್ಟಪಟ್ಟು ಕಾಪಾಡಿಕೊಂಡ ವಾಟನೆನ್‌ನ ನ್ಯೂಜೆರ್ಸಿಗೆ ಟ್ರೇಡ್ ಮಾಡಿತು. ಥಿಯೋಡೋರ್ ಮಾತ್ರ ವೇಗಸ್‌ನ ಮುಖ್ಯ ಡಿಫೆಂಡರ್ ಆಗಿ 2023ರಲ್ಲಿ ಕಪ್ ಎತ್ತಿದ. ಇಲಿಗೆ ಹೆದರಿ ಮನೆಗೆ ಬೆಂಕಿ ಇಟ್ಟರು ಅನ್ನುತ್ತಾರಲ್ಲ, ಹಾಗೆ.

ಕೊಲಂಬಸ್ ಇನ್ನೂ ಜಾಸ್ತಿ ತೆತ್ತಿತು. ಒಂದು ಮೊದಲ ರೌಂಡ್ ಪಿಕ್, ಒಂದು ಎರಡನೇ ರೌಂಡ್ ಪಿಕ್. ಆಡಲಾಗದ ಡೇವಿಡ್ ಕ್ಲಾರ್ಕ್‌ಸನ್‌ನ ಒಪ್ಪಂದದ ಭಾರ ಇಳಿಯಿತು ನಿಜ. ಆದರೆ ಇಷ್ಟೆಲ್ಲ ಕೊಟ್ಟು 'ತಗೊಳ್ಳಿ' ಅಂದದ್ದು ವಿಲಿಯಂ ಕಾರ್ಲ್ಸನ್‌ನ, ಹಿಂದಿನ ಸೀಸನ್‌ನಲ್ಲಿ ಆರೇ ಗೋಲು ಹೊಡೆದಿದ್ದವನು. ವೇಗಸ್‌ಗೆ ಹೋದ ಮೊದಲ ವರ್ಷವೇ 43 ಹೊಡೆದ. ಇದನ್ನು ಯಾರೂ ಊಹಿಸಿರಲಿಲ್ಲ, ಅದಕ್ಕೆ ಕೊಲಂಬಸ್‌ನ ಜಾಸ್ತಿ ಆಡಿಕೊಳ್ಳಲ್ಲ.

ನ್ಯೂಯಾರ್ಕ್ ಐಲ್ಯಾಂಡರ್ಸ್ ತಂಡ ಕೊಟ್ಟ ಪಿಕ್‌ನ ಜಾತಕ ಬೇರೆಯೇ. ಅವರ 15ನೇ ಪಿಕ್‌ನಲ್ಲಿ ವೇಗಸ್ ಎರಿಕ್ ಬ್ರಾನ್‌ಸ್ಟ್ರೋಮ್ ಅನ್ನುವ ಹುಡುಗನನ್ನು ತಗೊಂಡಿತು. ಅವನನ್ನು ಮುಂದಿಟ್ಟು 2019ರಲ್ಲಿ ಒಟ್ಟಾವದಿಂದ ಮಾರ್ಕ್ ಸ್ಟೋನ್‌ನ ತಂದರು. 2023ರ ಫೈನಲ್‌ನ ಕೊನೆಯ ಪಂದ್ಯದಲ್ಲಿ ಹ್ಯಾಟ್ರಿಕ್ ಹೊಡೆದ ನಾಯಕ ಇದೇ ಸ್ಟೋನ್. ನೀವು ಇವತ್ತು ಕೊಡುವ ಪಿಕ್ ನಾಳೆ ಯಾವ ರೂಪದಲ್ಲಿ ಎದುರಿಗೆ ಬಂದು ನಿಲ್ಲುತ್ತದೋ ಯಾರಿಗೆ ಗೊತ್ತು.

ಏನೂ ಕೊಡದೆ ಸುಮ್ಮನಿದ್ದವರ ಕಥೆ ಏನಾಯಿತು? ವಾಷಿಂಗ್ಟನ್ ನೇಟ್ ಶ್ಮಿಟ್‌ನ ಕಳಕೊಂಡಿತು, ಒಳ್ಳೆ ಡಿಫೆಂಡರ್. ಒಂದು ವರ್ಷದ ಮೇಲೆ ಅದೇ ವಾಷಿಂಗ್ಟನ್ ಫೈನಲ್‌ನಲ್ಲಿ ಅದೇ ವೇಗಸ್‌ನ ಸೋಲಿಸಿ ಕಪ್ ಗೆದ್ದಿತು. 2021ರ ಹೊತ್ತಿಗೆ ಎಲ್ಲರಿಗೂ ಬುದ್ಧಿ ಬಂದಿತ್ತು. ಸಿಯಾಟಲ್ ಕೇಳಿದ ಬೆಲೆ ಯಾರಿಗೂ ಒಗ್ಗಲಿಲ್ಲ, 2017ರ ಥರದ ಒಪ್ಪಂದಗಳು ನಡೆಯಲೇ ಇಲ್ಲ. ಮೊದಲ ಸೀಸನ್‌ನಲ್ಲಿ ಸಿಯಾಟಲ್‌ಗೆ ಸಿಕ್ಕಿದ್ದು 60 ಅಂಕ.

ಒಂದೇ ಒಂದು ಕಡೆ ನಾನು ಪಿಕ್ ಕೊಟ್ಟದ್ದು ಸರಿ ಅನ್ನುತ್ತೇನೆ, ಅದು ಪಿಟ್ಸ್‌ಬರ್ಗ್ 2017. ಗೋಲಿಗಳು ಇಬ್ಬರು, ನಿಮ್ಮ ಥರವೇ. 32ರ ಫ್ಲೂರಿ, 23ರ ಮ್ಯಾಟ್ ಮರ್ರಿ. ಫ್ಲೂರಿಗೆ ನೋ-ಮೂವ್‌ಮೆಂಟ್ ಷರತ್ತು ಇತ್ತು, ಅವನು ದೊಡ್ಡ ಮನಸ್ಸು ಮಾಡಿ ಬಿಟ್ಟುಕೊಟ್ಟ. ಅವನ ಒಪ್ಪಂದ ಇನ್ನೂ ಎರಡು ವರ್ಷ ಇತ್ತು, ವರ್ಷಕ್ಕೆ 57.5 ಲಕ್ಷ ಡಾಲರ್. ವೇಗಸ್ ಬೇರೆ ಯಾರನ್ನಾದರೂ ಎತ್ತಿದ್ದರೆ ತಂಡದ ಒಟ್ಟು ಸಂಬಳದ ಮಿತಿ, ಅಂದರೆ ಸ್ಯಾಲರಿ ಕ್ಯಾಪ್‌ನಲ್ಲಿ ಪಿಟ್ಸ್‌ಬರ್ಗ್ ಉಸಿರು ಕಟ್ಟುತ್ತಿತ್ತು. ಅದಕ್ಕೇ 'ಇವನನ್ನೇ ತಗೊಳ್ಳಿ' ಅಂತ ಒಂದು ಎರಡನೇ ರೌಂಡ್ ಪಿಕ್ ಕೊಟ್ಟರು. ಮುಂದೆ ಮರ್ರಿ ಮಂಕಾದ, ಫ್ಲೂರಿ 2021ರಲ್ಲಿ ವರ್ಷದ ಅತ್ಯುತ್ತಮ ಗೋಲಿ ಆದ, ಅದು ಬೇರೆ ಮಾತು. ಅವತ್ತಿನ ಕಣ್ಣಲ್ಲಿ ನೋಡಿದರೆ ನಾನೂ ಅದನ್ನೇ ಮಾಡುತ್ತಿದ್ದೆ.

ಸರಿ, ನಿಮ್ಮ ತಂಡ. ಇಲ್ಲಿ ನಿಮ್ಮ ಗೆಳೆಯನ ಮಾತು ಇನ್ನೊಂದು ಸಲ ಓದಿ. ಅವನ ಹತ್ತಿರ ಈಗ ಒಬ್ಬ ಆಟಗಾರನೂ ಇಲ್ಲ. ಫ್ಯಾಂಟಸಿಯಲ್ಲಿ ಗೋಲಿ ಇಲ್ಲದೆ ವಾರ ಕಳೆಯುವುದು ಎಷ್ಟು ಕಷ್ಟ ಅಂತ ನಿಮಗೇ ಗೊತ್ತು. ನಿಮ್ಮ ಎರಡನೇ ಗೋಲಿ ಹೇಗೂ ಹೊರಗಿರುತ್ತಾನೆ, ಒಬ್ಬನಿಗಿಂತ ಜಾಸ್ತಿ ಉಳಿಸಿಕೊಳ್ಳುವ ಹಾಗಿಲ್ಲವಲ್ಲ. ಅವನ ಕಣ್ಣು ನೂರಕ್ಕೆ ತೊಂಬತ್ತು ಪಾಲು ಆ ಗೋಲಿ ಮೇಲೇ ಇದೆ. ನಾಲ್ಕನೇ ಡಿಫೆಂಡರ್‌ನ ಅವನು ಮೊದಲೇ ಮುಟ್ಟುತ್ತಿರಲಿಲ್ಲ. ಮುಟ್ಟದೇ ಇರುವುದಕ್ಕೆ ನಿಮ್ಮ ಹತ್ತಿರ ಪಿಕ್ ಕೇಳುತ್ತಿದ್ದಾನೆ. ವ್ಯಾಪಾರ ಗೊತ್ತಿರೋ ಮನುಷ್ಯ!

ಹಾಗಾದರೆ ನಿಮಗೆ ಎರಡು ದಾರಿ. ಎರಡನೇ ಗೋಲಿ ಹೋದರೆ ಪರವಾಗಿಲ್ಲ ಅನ್ನಿಸಿದರೆ ಅವನನ್ನು ಹಾಗೇ ಬಿಡಿ. ಅವನೇ ನಿಮ್ಮ ಡಿಫೆಂಡರ್‌ಗೆ ಬೇಲಿ. ಇಲ್ಲ, ಆ ಗೋಲಿಗೆ ಒಳ್ಳೆ ಬೆಲೆ ಇದೆ ಅನ್ನಿಸಿದರೆ ಈಗಲೇ ಮಾರಿ. ಮಾರುವಾಗ ಪ್ರತಿಯಾಗಿ ವಿನಾಯಿತಿ ಇರುವ ಹುಡುಗನನ್ನೇ ಕೇಳಿ. ಟ್ಯಾಂಪಾ ಬೇ 2017ರಲ್ಲಿ ಮಾಡಿದ್ದು ಇದನ್ನೇ. ಪಟ್ಟಿ ಕೊಡುವುದಕ್ಕೆ ಎರಡು ದಿನ ಮುಂಚೆ ಜೊನಾಥನ್ ಡ್ರೂಯಾನ ಮಾಂಟ್ರಿಯಲ್‌ಗೆ ಕೊಟ್ಟು ಮಿಖಾಯಿಲ್ ಸೆರ್ಗಚೋವ್‌ನ ತಂದಿತು. ಡ್ರೂಯಾಗೆ ಪಟ್ಟಿಯಲ್ಲಿ ಒಂದು ಜಾಗ ಬೇಕಿತ್ತು. ಸೆರ್ಗಚೋವ್‌ಗೆ ಆಗ ಇನ್ನೂ 18, ಎನ್‌ಎಚ್‌ಎಲ್‌ನಲ್ಲಿ ಆಡಿದ್ದೇ ನಾಲ್ಕು ಪಂದ್ಯ, ಜಾಗವೇ ಬೇಡ. ಒಂದೇ ಏಟಿಗೆ ಒಂದು ಜಾಗ ಖಾಲಿ ಆಯಿತು, 2020 ಮತ್ತು 2021ರಲ್ಲಿ ಕಪ್ ಗೆದ್ದ ತಂಡಕ್ಕೆ ಒಬ್ಬ ಡಿಫೆಂಡರ್ ಕೂಡ ಸಿಕ್ಕ.

ಗೋಲಿಯನ್ನ ಯಾರಿಗೆ ಮಾರಬೇಕು? ಪಟ್ಟಿಯಲ್ಲಿ ಗೋಲಿ ಜಾಗ ಖಾಲಿ ಇರುವವನಿಗೆ. ಉಳಿದ ಒಂಬತ್ತು ತಂಡಕ್ಕೂ ನಿಮಗೆ ಮಾಡಿಕೊಂಡ ಹಾಗೇ ಒಂದೊಂದು ಹಾಳೆ ಮಾಡಿ. ಬೇಜಾರಿನ ಕೆಲಸ, ಒಂದು ಭಾನುವಾರ ಪೂರ್ತಿ ಬೇಕು, ಆದರೆ ದುಡ್ಡು ಇರುವುದೇ ಅಲ್ಲಿ. ಕೊಲೊರಾಡೊ 2021ರಲ್ಲಿ ರಯಾನ್ ಗ್ರೇವ್ಸ್‌ನ ಉಳಿಸಿಕೊಳ್ಳಲಾಗದೆ ನ್ಯೂಜೆರ್ಸಿಗೆ ಕೊಟ್ಟು ಎರಡನೇ ರೌಂಡ್ ಪಿಕ್ ಮತ್ತು ಒಬ್ಬ ಹುಡುಗನನ್ನು ತಗೊಂಡಿತು. ನ್ಯೂಜೆರ್ಸಿಗೆ ಡಿಫೆಂಡರ್ ಜಾಗ ಖಾಲಿ ಇತ್ತು. ಸಿಯಾಟಲ್‌ಗೆ ಕೊಲೊರಾಡೊದಿಂದ ಸಿಕ್ಕಿದ್ದು ಡಾನ್‌ಸ್ಕೊಯ್. ಮುಂದಿನ ವರ್ಷ ಕಪ್ ಕೊಲೊರಾಡೊಗೇ.

ಮಾರುವುದಾದರೆ ಈ ವಾರವೇ ಶುರು ಮಾಡಿ. ಕೊನೆಯ ಮೂರು ದಿನದಲ್ಲಿ ಎಲ್ಲರೂ ಮಾರುವವರೇ, ಕೊಳ್ಳುವವರು ಯಾರೂ ಇರಲ್ಲ. ಸಂಜೆ ಹೊತ್ತು ಸಂತೆಯಲ್ಲಿ ಉಳಿದ ಟೊಮ್ಯಾಟೊ ಥರ ಆಗುತ್ತದೆ ಬೆಲೆ. ಪಟ್ಟಿ ಕೊಟ್ಟ ಮೇಲಂತೂ ಎನ್‌ಎಚ್‌ಎಲ್‌ನಲ್ಲಿ ಹಳೆಯ ತಂಡಗಳ ನಡುವಿನ ಟ್ರೇಡ್ ಬಂದ್, ನಿಮ್ಮ ಲೀಗ್‌ನಲ್ಲೂ ಹಾಗೇ ಇರುತ್ತದೆ.

ನಿಯಮ ಎಲ್ಲಾ ಎನ್‌ಎಚ್‌ಎಲ್‌ನದ್ದೇ ಅಂದಿರಿ, ಹಾಗಿದ್ದರೆ ಒಂದು ಸಣ್ಣ ಷರತ್ತು ನೋಡಿಕೊಳ್ಳಿ. ಬರೀ ಆಡದವರನ್ನೇ ಹೊರಗಿಡುವ ಹಾಗಿರಲಿಲ್ಲ. 2017ರಲ್ಲಿ ಹೊರಗಿಟ್ಟವರಲ್ಲಿ ಕನಿಷ್ಠ ಇಬ್ಬರು ಫಾರ್ವರ್ಡ್, ಒಬ್ಬ ಡಿಫೆಂಡರ್ ಹಿಂದಿನ ಸೀಸನ್‌ನಲ್ಲಿ 40 ಪಂದ್ಯ ಅಥವಾ ಎರಡು ಸೀಸನ್ ಸೇರಿ 70 ಪಂದ್ಯ ಆಡಿರಬೇಕಿತ್ತು, ಮುಂದಿನ ವರ್ಷಕ್ಕೂ ಒಪ್ಪಂದ ಇರಬೇಕಿತ್ತು. ಕೊನೆ ದಿನ ಇದು ನೆನಪಾದರೆ ಬೇಡದ ಕಡೆ ಕೈ ಹಾಕಬೇಕಾಗುತ್ತದೆ.

ಆಮೇಲೆ ವಿನಾಯಿತಿ ಲೆಕ್ಕ. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ನಮ್ಮ ಲೀಗ್‌ನಲ್ಲಿ ಒಂದು ಸಲ ಹೀಗೇ ಡ್ರಾಫ್ಟ್ ಆಯಿತು. ಒಬ್ಬ ಹುಡುಗನ ಮೇಲೆ ನನಗೆ ವಿಪರೀತ ಪ್ರೀತಿ, ಪಟ್ಟಿಯಲ್ಲಿ ಏಳನೇ ಫಾರ್ವರ್ಡ್ ಅಂತ ಅವನ ಹೆಸರು ಹಾಕಿದೆ. ಅವನಿಗೆ ಅದು ಎರಡನೇ ವರ್ಷ, ವಿನಾಯಿತಿ ಇತ್ತು, ಜಾಗವೇ ಬೇಕಿರಲಿಲ್ಲ. ಯಾರೂ ಹೇಳಲಿಲ್ಲ, ಯಾಕೆ ಹೇಳುತ್ತಾರೆ? ಹೊರಗೆ ಉಳಿದ ಇನ್ನೊಬ್ಬನನ್ನು ಹೊಸ ತಂಡದವನು ನಗುನಗುತ್ತಾ ಎತ್ತಿಕೊಂಡು ಹೋದ. ಫ್ರಿಜ್ ಮೇಲೆ ಹಾಳೆ ಅಂಟಿಸುವ ಅಭ್ಯಾಸ ಶುರುವಾದದ್ದು ಆಮೇಲೆಯೇ.

ನಿಮ್ಮ ಐದನೇ ಫಾರ್ವರ್ಡ್ ಯಾರು ಅಂತ ನೀವು ಬರೆದಿಲ್ಲ. ಗೋಲಿಯನ್ನ ಮಾರುತ್ತೀರಿ ಅಂತಾದರೆ ಏಳು-ಮೂರೋ ಎಂಟೋ ಅನ್ನುವುದು ನಿಂತಿರುವುದೇ ಅವನ ಮೇಲೆ. ಅವನ ಹೆಸರು, ನಾಲ್ಕನೇ ಡಿಫೆಂಡರ್ ಹೆಸರು ಎರಡೂ ಕಳಿಸಿ, ನೋಡಿ ಹೇಳುತ್ತೇನೆ. ಅಲ್ಲಿಯವರೆಗೆ ಗೆಳೆಯ ಫೋನ್ ಮಾಡಿದರೆ 'ಯೋಚನೆ ಮಾಡ್ತಾ ಇದ್ದೀನಿ' ಅನ್ನಿ, ಪಿಕ್ ಮಾತ್ರ ಕೊಡಬೇಡಿ.